ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ಕೊಡಗಿನ ಮನೆಗಳಲ್ಲಿ ಆಗಬೇಕಾದ ಸಿದ್ಧತೆ

ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿದೆ ಎಂಬ ಸುದ್ದಿ ಬಂದ ಕೂಡಲೇ ಉಳ್ಳಾಲದಿಂದ ಕಾರವಾರದವರೆಗಿನ ಕಡಲ ತಡಿಯ ಮನೆಗಳಲ್ಲಿ ಆತಂಕ ಶುರುವಾಗುತ್ತದೆ. ದೋಣಿಗಳು ದಡ ಸೇರುತ್ತವೆ, ಮಾಡಿನ ಶೀಟುಗಳಿಗೆ ಹಗ್ಗ ಬೀಳುತ್ತದೆ, ಎಲ್ಲಿಗೆ ಹೋಗುವುದು ಎಂಬ ಮಾತು ಏಳುತ್ತದೆ. ಅದೇ ಹೊತ್ತಿಗೆ ಕೊಡಗಿನಲ್ಲಿರುವ ನಾವು ಮಂಗಳೂರಿನ ಅಥವಾ ಕಣ್ಣೂರಿನ ನೆಂಟರಿಗೆ ಫೋನ್ ಮಾಡಿ ಕ್ಷೇಮ ವಿಚಾರಿಸುತ್ತೇವೆಯೇ ಹೊರತು, ನಮ್ಮದೇ ಮನೆಯ ಹಿಂದಿನ ಬರೆಯನ್ನು, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆಯನ್ನು, ಒಮ್ಮೆ ನೋಡಿ ಬರುವ ಗೋಜಿಗೆ ಹೋಗುವುದಿಲ್ಲ. ಮಡಿಕೇರಿಗೂ ಅರಬ್ಬಿ ಸಮುದ್ರಕ್ಕೂ ನೇರ ಅಂತರ ನೂರು ಕಿಲೋಮೀಟರ್ ಕೂಡ ಇಲ್ಲ. ಕಡಲ ಅಲೆ ಇಲ್ಲಿಗೆ ಬರುವುದಿಲ್ಲ ನಿಜ. ಆದರೆ ಆ ಗಾಳಿ ಹೊತ್ತು ತರುವ ನೀರು ಬರುತ್ತದೆ, ಮತ್ತು ಅದು ಬಂದು ಇಳಿಯುವುದು ಮನೆ ಕಟ್ಟಲು ನಾವೇ ಕಡಿದ ಗುಡ್ಡದ ಮಣ್ಣಿನೊಳಗೆ.

ಇದರ ಹಿಂದಿನ ಕಾರಣ ಸರಳ. ಭೂಮಧ್ಯರೇಖೆಯ ಉತ್ತರಕ್ಕಿರುವ ಚಂಡಮಾರುತಗಳಲ್ಲಿ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಸುಳಿಯ ಕೇಂದ್ರ ನಮಗೆ ಪಶ್ಚಿಮದಲ್ಲೋ ವಾಯವ್ಯದಲ್ಲೋ ಕಡಲ ಮೇಲಿದ್ದಾಗ, ಅದರ ಈ ಬದಿಯ ಗಾಳಿ ದಕ್ಷಿಣ ಮತ್ತು ನೈಋತ್ಯ ದಿಕ್ಕಿನಿಂದ ತೇವವನ್ನು ಹೊತ್ತು ಪಶ್ಚಿಮ ಘಟ್ಟಕ್ಕೆ ಬಂದು ಬಡಿಯುತ್ತದೆ, ಘಟ್ಟವನ್ನೇರುವಾಗ ತಣಿದು ಮಳೆಯಾಗಿ ಸುರಿಯುತ್ತದೆ. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಚಂಡಮಾರುತ ನೆಲಕ್ಕೆ ಅಪ್ಪಳಿಸಿದ್ದು ಗುಜರಾತಿನಲ್ಲಿ; ಆದರೂ ಕರ್ನಾಟಕದ ಕರಾವಳಿಯಲ್ಲಿ ಮನೆಗಳು ಉರುಳಿದವು, ಘಟ್ಟದ ಮೇಲೂ ಮಳೆಯಾಯಿತು. ಬಂಗಾಳ ಕೊಲ್ಲಿಯ ಚಂಡಮಾರುತವನ್ನೂ ದೂರದ್ದೆಂದು ತಳ್ಳಿಹಾಕುವಂತಿಲ್ಲ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್, ಬಲ ಕಳೆದುಕೊಂಡು ಒಳನಾಡನ್ನು ದಾಟಿ ಅರಬ್ಬಿ ಸಮುದ್ರದತ್ತ ಸಾಗುವಾಗ ಡಿಸೆಂಬರ್ ಆರಂಭದಲ್ಲಿ ನಮ್ಮ ಕಡೆಗೂ ಮಳೆ ತಂದಿತು. ಆದ್ದರಿಂದ "ಚಂಡಮಾರುತ ಎಲ್ಲಿ ದಡ ಸೇರುತ್ತದೆ" ಎಂಬ ಪ್ರಶ್ನೆಗಿಂತ "ನಮ್ಮ ಹೋಬಳಿಗೆ ಎಷ್ಟು ಮಳೆ ಹೇಳಿದ್ದಾರೆ" ಎಂಬ ಪ್ರಶ್ನೆ ನಮಗೆ ಮುಖ್ಯ.

ಮೊದಲ ಕೆಲಸ: ಮುನ್ಸೂಚನೆಯನ್ನು ಇಂಚಿನಲ್ಲಿ ಓದಿಕೊಳ್ಳಿ

ಸಮುದ್ರದಲ್ಲಿ ಎದ್ದ ಸುಳಿಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ಭಾರತೀಯ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತದೆ; 89 ದಾಟಿದರೆ ತೀವ್ರ, 118 ದಾಟಿದರೆ ಅತಿ ತೀವ್ರ. ಈ ಅಂಕಿಗಳು ಮೀನುಗಾರರಿಗೆ ಜೀವನ್ಮರಣದ ವಿಷಯ. ನಮಗೆ ಬೇಕಾದದ್ದು ಮಳೆಯ ವರ್ಗೀಕರಣ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ.

ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಮಾತೆಲ್ಲ ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ). ಒಂದು ಇಂಚು ಎಂದರೆ 25.4 ಮಿಲಿಮೀಟರ್. ಹಾಗೆ ನೋಡಿದರೆ ಭಾರಿ ಮಳೆ ಎಂದರೆ ಎರಡೂವರೆ ಇಂಚಿನಿಂದ ಮೇಲೆ, ಅತಿ ಭಾರಿ ಎಂದರೆ ನಾಲ್ಕೂವರೆಯಿಂದ ಮೇಲೆ, ಅತ್ಯಂತ ಭಾರಿ ಎಂದರೆ ಎಂಟು ಇಂಚಿನ ಆಚೆ. ಭಾಗಮಂಡಲ, ತಲಕಾವೇರಿ, ಗಾಳಿಬೀಡಿನವರಿಗೆ ನಾಲ್ಕು ಇಂಚು ಹೊಸದಲ್ಲ, ಆ ಕಾರಣದಿಂದಲೇ ಅಲ್ಲಿನವರು ಕಿತ್ತಳೆ ಎಚ್ಚರಿಕೆಗೂ ಬೆದರುವುದಿಲ್ಲ. ಈ ಧೈರ್ಯ ಒಂದು ದಿನದ ಮಳೆಗೆ ಸರಿಹೋಗಬಹುದು. ಆದರೆ ಗುಡ್ಡ ಜಾರುವುದು ಒಂದು ದಿನದ ಲೆಕ್ಕದ ಮೇಲಲ್ಲ. ಮಣ್ಣು ಮೊದಲೇ ಎಷ್ಟು ನೀರು ಕುಡಿದಿದೆ ಎಂಬುದರ ಮೇಲೆ. 2018ರಲ್ಲಿ ಜೂನ್‌ನಿಂದಲೇ ಎಡೆಬಿಡದೆ ಸುರಿದು ನೆಲ ತೊಯ್ದು ತುಂಬಿದ ಮೇಲೆ, ಆಗಸ್ಟ್ ನಡುವಿನ ಕೆಲವೇ ದಿನಗಳ ಮಳೆಗೆ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿಯ ಗುಡ್ಡಗಳು ಇಳಿದವು.

ಹೀಗಾಗಿ ಮನೆಯ ಮಳೆಮಾಪಕದ ಪಕ್ಕದಲ್ಲಿ ಒಂದು ಪುಸ್ತಕವಿಟ್ಟು, ಆ ದಿನದ ಅಳತೆಯ ಜೊತೆಗೆ ಹಿಂದಿನ ಮೂರು ದಿನಗಳ ಮೊತ್ತವನ್ನೂ ಹಿಂದಿನ ಹದಿನೈದು ದಿನಗಳ ಮೊತ್ತವನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇಲಾಖೆಯ ದಿನ ಬೆಳಗ್ಗೆ ಎಂಟೂವರೆಗೆ ಮುಗಿಯುತ್ತದೆ. ನೀವೂ ಅದೇ ಹೊತ್ತಿಗೆ ಅಳೆದರೆ ಅವರ ಅಂಕಿಯೊಂದಿಗೆ ಹೋಲಿಸಿ ನೋಡಬಹುದು. ಮುನ್ಸೂಚನೆಗಾಗಿ ಹವಾಮಾನ ಇಲಾಖೆಯ 'ಮೌಸಮ್' ಆ್ಯಪ್, ವಿಪತ್ತು ಎಚ್ಚರಿಕೆಗಾಗಿ 'ಸಚೇತ್' ಆ್ಯಪ್, ಸಿಡಿಲಿಗಾಗಿ 'ದಾಮಿನಿ' ಆ್ಯಪ್ ಇವೆ. ಇಂಟರ್‌ನೆಟ್ ಕೈಕೊಡುವುದು ಖಂಡಿತವಾದ್ದರಿಂದ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಯ ಸಂಖ್ಯೆಯನ್ನೂ ಜಿಲ್ಲಾ ತುರ್ತು ಸಂಖ್ಯೆ 1077 ಅನ್ನೂ ಗೋಡೆಯ ಮೇಲೆ ಬರೆದಿಡಿ. ವಾಟ್ಸಾಪಿನಲ್ಲಿ ಬರುವ ಹಳೆಯ ಭೂಕುಸಿತದ ವಿಡಿಯೋಗಳನ್ನು ಆ ದಿನಗಳಲ್ಲಿ ಯಾರಿಗೂ ದಾಟಿಸಬೇಡಿ. ಅವು ಹೆದರಬೇಕಾದ ಜಾಗದಲ್ಲಿ ಹೆದರದಂತೆ, ಹೆದರಬಾರದ ಜಾಗದಲ್ಲಿ ಹೆದರುವಂತೆ ಮಾಡುತ್ತವೆ.

ಎರಡನೆಯದು: ಬರೆಯ ಬುಡ, ಬರೆಯ ನೆತ್ತಿ, ನೀರಿನ ದಾರಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ಸಮಯವಿದ್ದರೆ ಇದನ್ನು ಓದಿ. 2018ರ ದುರಂತದ ನಂತರ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಮಳೆಯ ಜೊತೆಗೆ ಬೊಟ್ಟು ಮಾಡಿದ್ದು ಮನುಷ್ಯರು ಮಾಡಿದ ಬದಲಾವಣೆಗಳನ್ನು: ಇಳಿಜಾರನ್ನು ನೇರವಾಗಿ ಕಡಿದದ್ದು ಮತ್ತು ನೀರಿನ ಸಹಜ ಹರಿವನ್ನು ಮುಚ್ಚಿದ್ದು. ಮಳೆಯನ್ನು ನಾವು ನಿಲ್ಲಿಸಲಾರೆವು, ಆದರೆ ಈ ಎರಡರ ಬಗ್ಗೆ ಮನೆಯವರೇ ಮಾಡಬಹುದಾದದ್ದು ಬಹಳಷ್ಟಿದೆ.

ಮುನ್ಸೂಚನೆ ಬಂದ ದಿನವೇ, ಮಳೆ ಶುರುವಾಗುವ ಮೊದಲು, ಮನೆಯ ಹಿಂದಿನ ಬರೆಯ ಬುಡದಿಂದ ನೆತ್ತಿಯವರೆಗೆ ಒಮ್ಮೆ ನಡೆದು ನೋಡಿ. ಬುಡದಲ್ಲಿ ಹೊಸದಾಗಿ ನೀರು ಜಿನುಗುತ್ತಿದೆಯೇ, ಹೊರಬರುವ ನೀರು ತಿಳಿಯಾಗಿದೆಯೇ ಅಥವಾ ಕೆಸರಾಗಿದೆಯೇ, ತಡೆಗೋಡೆ ಇದ್ದರೆ ಅದರ ಹೊಟ್ಟೆ ಮುಂದಕ್ಕೆ ಉಬ್ಬಿದೆಯೇ, ಗೋಡೆಯ ನೀರು ಹೊರಬರಲು ಇಟ್ಟ ಪೈಪುಗಳು ಮಣ್ಣಿನಿಂದ ಕಟ್ಟಿಕೊಂಡಿವೆಯೇ ಎಂದು ಗಮನಿಸಿ. ಕಟ್ಟಿಕೊಂಡಿದ್ದರೆ ಕಬ್ಬಿಣದ ಸರಳಿನಿಂದ ಚುಚ್ಚಿ ಬಿಡಿಸಿ. ನೀರು ಹೊರಹೋಗದ ತಡೆಗೋಡೆ ಗೋಡೆಯಿಲ್ಲದ ಬರೆಗಿಂತ ಅಪಾಯಕಾರಿ. ನೆತ್ತಿಯ ಮೇಲೆ ಕಾಫಿ ಗಿಡಗಳ ನಡುವೆ ಉದ್ದಕ್ಕೆ ಬಿರುಕು ಕಾಣಿಸಿದರೆ ಅದನ್ನು ಅಲಕ್ಷಿಸಬೇಡಿ. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಿಂದ ಅಳೆದು, ದಿನಾಂಕದೊಂದಿಗೆ ಗೂಟದ ಮೇಲೆಯೇ ಬಣ್ಣದಲ್ಲಿ ಬರೆದಿಡಿ. ಮರುದಿನ ಆ ಅಂತರ ಬೆರಳಿನಷ್ಟು ಹೆಚ್ಚಿದ್ದರೂ ಆ ಗುಡ್ಡ ನಡೆಯಲು ಶುರುಮಾಡಿದೆ ಎಂದೇ ಅರ್ಥ, ಕೆಳಗಿನ ಮನೆಯಲ್ಲಿ ಮತ್ತೊಂದು ರಾತ್ರಿ ಮಲಗುವಂತಿಲ್ಲ. ಬಿರುಕು ಹೆಚ್ಚದೆ ಹಾಗೆಯೇ ಇದ್ದರೆ ಜಿಗುಟು ಮಣ್ಣಿನಿಂದ ಮುಚ್ಚಿ ಗುದ್ದಿ, ಅದರ ಮೇಲೆ ಟಾರ್ಪಾಲು ಹಾಸಿ, ಮೇಲಿನಿಂದ ಬರುವ ನೀರು ಅದರೊಳಗೆ ಇಳಿಯದಂತೆ ಬದಿಗೆ ಚರಂಡಿ ತೋಡಿ. ಗ್ರಾಮ ಪಂಚಾಯಿತಿಗೂ ಗ್ರಾಮ ಆಡಳಿತ ಅಧಿಕಾರಿಗೂ ಫೋಟೋ ಸಮೇತ ತಿಳಿಸಿ.

ನೀರಿನ ದಾರಿಯ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿನ ಮೇಲೆ ಒಂದೇ ದಿನ ಎಂಟು ಇಂಚು ಸುರಿದರೆ ಇಪ್ಪತ್ತು ಸಾವಿರ ಲೀಟರ್, ಅಂದರೆ ದೊಡ್ಡ ಟ್ಯಾಂಕರುಗಳೆರಡರ ನೀರು, ನಮ್ಮ ಮಾಡಿನಿಂದಲೇ ಇಳಿಯುತ್ತದೆ. ಅದು ಮಾಡಿನಂಚಿನ ದೋಣಿಯಿಂದ ಜಾರಿ ಮನೆಯ ಹಿಂಬದಿಯ ಬರೆಯ ಬುಡಕ್ಕೋ, ಮುಂದಿನ ಅಂಗಳದ ತುಂಬಿದ ಮಣ್ಣಿಗೋ ಬೀಳುತ್ತಿದ್ದರೆ ಮನೆಯ ಪಾಯವನ್ನು ನಾವೇ ನೆನೆಸಿದಂತೆ. ಪೈಪು ಹಾಕಿ ಆ ನೀರನ್ನು ಗಟ್ಟಿ ಚರಂಡಿಗೆ, ಅಲ್ಲಿಂದ ತೋಡಿಗೆ (ಹಳ್ಳಕ್ಕೆ) ಮುಟ್ಟಿಸುವುದು ಎರಡು ಆಳಿನ ಒಂದು ದಿನದ ಕೆಲಸ. ರಸ್ತೆ ಬದಿಯ ಮೋರಿಗಳಲ್ಲಿ ಪ್ಲಾಸ್ಟಿಕ್, ಸಿಲ್ವರ್ ಓಕ್ ಎಲೆ, ಕಡಿದ ಕೊಂಬೆ ಸಿಕ್ಕಿಕೊಂಡಿದ್ದರೆ ಪಂಚಾಯಿತಿಯವರು ಬರುವವರೆಗೆ ಕಾಯದೆ ಅಕ್ಕಪಕ್ಕದವರು ಸೇರಿ ಬಿಡಿಸಿ.

ತೋಟದ ತೊಟ್ಟಿಲುಗುಂಡಿಗಳ ಬಗ್ಗೆ ಹಿರಿಯ ಬೆಳೆಗಾರರಿಗೆ ನನ್ನ ಮಾತು ಇಷ್ಟವಾಗಲಿಕ್ಕಿಲ್ಲ. ಮಣ್ಣಿನ ತೇವ ಉಳಿಸಲು ಅವು ಬೇಕು. ಇಳಿಜಾರು ಕಡಿಮೆ ಇರುವಲ್ಲಿ ಅವುಗಳಿಂದ ಉಪಕಾರವೇ ಹೆಚ್ಚು. ಆದರೆ ಮನೆಯ ಅಥವಾ ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ನೇರ ಮೇಲಿರುವ ಕಡಿದಾದ ಇಳಿಜಾರಿನಲ್ಲಿ ನೀರನ್ನು ಇಂಗಿಸುವ ಯಾವ ಗುಂಡಿಯೂ ಮಳೆಗಾಲದಲ್ಲಿ ಇರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಆ ಪಟ್ಟಿಯಲ್ಲಿ ನೀರು ಇಂಗಬಾರದು, ಹರಿದು ಹೋಗಬೇಕು. ಗುಡ್ಡದ ಮೇಲೆ ತೋಡಿದ ಕೃಷಿಹೊಂಡಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಕೆರೆಯ ಕೋಡಿಯನ್ನು ಬಿಡಿಸಿ, ಏರಿಯ ಮೇಲೆ ಬಿರುಕಿದೆಯೇ ನೋಡಿ, ಸಾಧ್ಯವಾದರೆ ಮಳೆಗೆ ಮೊದಲೇ ನೀರನ್ನು ಅರ್ಧಕ್ಕೆ ಇಳಿಸಿ. ಒಡೆದ ಹೊಂಡದ ನೀರು ಕೆಳಗಿನ ನೆರೆಮನೆಯವರ ಮೇಲೆ ಹೋಗುತ್ತದೆ ಎಂಬುದು ನೆನಪಿರಲಿ.

ಮುನ್ಸೂಚನೆ ಬಂದ ಮೇಲೆ ಜೆಸಿಬಿ ತರಿಸಿ ಬರೆಯನ್ನು "ಸ್ವಲ್ಪ ಇಳಿಸುವ" ಕೆಲಸಕ್ಕೆ ಕೈಹಾಕಬೇಡಿ. ಬುಡದಿಂದ ಒಂದು ಬುಟ್ಟಿ ಮಣ್ಣು ತೆಗೆದರೂ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಆ ಕೆಲಸ ಬೇಸಿಗೆಯದು.

ಮರ, ಮಾಡು, ಕರೆಂಟು

ಚಂಡಮಾರುತದ ಪೂರ್ಣ ಬಲದ ಗಾಳಿ ಘಟ್ಟದ ಮೇಲೆ ಬೀಸುವುದಿಲ್ಲ. ಆದರೆ ತೊಯ್ದ ಮಣ್ಣಿನಲ್ಲಿ ನಿಂತ ಎತ್ತರದ ಮರವನ್ನು ಬೀಳಿಸಲು ಗಂಟೆಗೆ 50 ಕಿಲೋಮೀಟರಿನ ಗಾಳಿಯೇ ಸಾಕು. ಸಿಲ್ವರ್ ಓಕ್ ಸಟ್ಟನೆ ಮುರಿಯುವ ಮರ. ಮನೆಯ ಮೇಲೆ ವಾಲಿದ, ಒಂದೇ ಬದಿಗೆ ಕೊಂಬೆ ಇರುವ, ಬುಡ ಟೊಳ್ಳಾದ ಮರಗಳನ್ನು ಮರಕಸಿಯ (ನೆರಳಿನ ಮರಗಳ ಕೊಂಬೆ ಸವರುವ) ಸಮಯದಲ್ಲೇ ಗುರುತಿಸಿಕೊಳ್ಳಿ. ಕಾಡುಮರವಾದರೆ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಳಿಯ ಮುನ್ಸೂಚನೆ ಬಂದ ಮೇಲೆ ಆಳನ್ನು ಮರ ಹತ್ತಿಸುವುದು ತಪ್ಪು. ಆಗ ಉಳಿದಿರುವ ದಾರಿ ಆ ಮರದಡಿಯ ಕೋಣೆಯನ್ನು ಖಾಲಿ ಮಾಡಿ ಬೇರೆ ಬದಿಯ ಕೋಣೆಯಲ್ಲಿ ಮಲಗುವುದು ಮಾತ್ರ.

ಹೆಂಚಿನ ಮಾಡಿನಲ್ಲಿ ಅಂಚಿನ ಎರಡು ಸಾಲುಗಳೇ ಮೊದಲು ಏಳುವುದು. ಅವುಗಳನ್ನು ತಂತಿಯಿಂದ ಪಟ್ಟಿಗೆ ಕಟ್ಟಿಸಿ. ಶೀಟಿನ ಮಾಡಾದರೆ ಕೊಕ್ಕೆ ಬೋಲ್ಟುಗಳನ್ನು ಬಿಗಿಮಾಡಿಸಿ, ಅಂಗಳದಲ್ಲಿ ಬಿಡಿಯಾಗಿ ಬಿದ್ದ ಶೀಟುಗಳನ್ನು ಒಳಗೆ ಸೇರಿಸಿ. ತುಂಡಾಗಿ ಬಿದ್ದ ವಿದ್ಯುತ್ ತಂತಿಯ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ, ಕರೆಂಟ್ ಹೋಗಿದ್ದರೂ ಹೋಗಬೇಡಿ. ಪಕ್ಕದ ತೋಟದ ಜನರೇಟರಿನಿಂದ ತಂತಿಗೆ ಹಿಮ್ಮುಖ ವಿದ್ಯುತ್ ಬರುವ ಸಾಧ್ಯತೆ ಇರುತ್ತದೆ. 1912ಕ್ಕೆ ಕರೆ ಮಾಡಿ ಕಂಬದ ಸಂಖ್ಯೆ ತಿಳಿಸಿದರೆ ಲೈನ್‌ಮ್ಯಾನ್‌ಗೆ ಜಾಗ ಹುಡುಕುವುದು ಸುಲಭ. ಮನೆಯ ಸುತ್ತಲಿನ ಕಂಬಗಳ ಸಂಖ್ಯೆಯನ್ನು ಇಂದೇ ಬರೆದುಕೊಳ್ಳಿ. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಮಳೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೆಂಡವಿಟ್ಟುಕೊಂಡು ಮಲಗುವವರಿಗೂ ಇದೇ ಎಚ್ಚರಿಕೆ.

ಹೊಳೆಯ ಬದಿಯವರು

ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ, ಕೊಂಡಂಗೇರಿ ಮತ್ತು ಕುಶಾಲನಗರದ ಬಡಾವಣೆಗಳವರಿಗೆ ಬರುವ ಅಪಾಯ ಬೇರೆ ಬಗೆಯದು, ಬರುವ ಹೊತ್ತೂ ಬೇರೆ. ಭಾಗಮಂಡಲದಲ್ಲಿ ಮಳೆ ಸುರಿದು ತ್ರಿವೇಣಿ ಸಂಗಮ ಮುಳುಗಿದ ಎಷ್ಟೋ ಗಂಟೆಗಳ ಬಳಿಕ ಆ ನೀರು ಸಿದ್ದಾಪುರದ ಕಡೆಗೆ ಬರುತ್ತದೆ, ಅಷ್ಟರಲ್ಲಿ ಇಲ್ಲಿ ಬಿಸಿಲೂ ಬಂದಿರಬಹುದು. ಆದ್ದರಿಂದ ನಿಮ್ಮ ಊರಿನ ಆಕಾಶ ನೋಡಿ ತೀರ್ಮಾನಿಸದೆ ಭಾಗಮಂಡಲ ಮತ್ತು ನಾಪೋಕ್ಲಿನಲ್ಲಿರುವ ಪರಿಚಿತರೊಬ್ಬರನ್ನು ಫೋನಿನಲ್ಲಿ ವಿಚಾರಿಸುತ್ತಿರಿ. ಕುಶಾಲನಗರದಲ್ಲಿ ಇನ್ನೊಂದು ತೊಡಕಿದೆ. ಹಾರಂಗಿ ನದಿ ಕಾವೇರಿಯನ್ನು ಸೇರುವುದು ಊರಿನಿಂದ ಕೆಳಗೆ, ಕೂಡಿಗೆಯಲ್ಲಿ. ಹಾರಂಗಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಾವೇರಿಯ ನೀರಿಗೆ ಮುಂದೆ ಹರಿಯಲು ಎಡೆ ಸಿಗದೆ ಅದು ಹಿಂದಕ್ಕೆ ಒತ್ತಿ ತಗ್ಗಿನ ಬಡಾವಣೆಗಳಿಗೆ ನುಗ್ಗುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಯವರು ಇದನ್ನು ಅನುಭವಿಸಿದ್ದಾರೆ. ಜಲಾಶಯದ ಹೊರಹರಿವು ಹೆಚ್ಚಿಸುವ ಪ್ರಕಟಣೆ ಬಂದ ಕೂಡಲೇ ಬೈಕು, ಕಾರು, ಫ್ರಿಜ್ಜು, ಅಕ್ಕಿ ಮೇಲಕ್ಕೆ ಹೋಗಲಿ. ಮೇನ್ ಸ್ವಿಚ್ ಆಫ್ ಆಗಲಿ. ಗ್ಯಾಸ್ ರೆಗ್ಯುಲೇಟರ್ ಮುಚ್ಚಿ ಸಿಲಿಂಡರನ್ನು ಎತ್ತರದಲ್ಲಿ ಕಟ್ಟಿಡಿ, ಇಲ್ಲದಿದ್ದರೆ ಅದು ತೇಲಿಹೋಗುತ್ತದೆ.

ಲೈನ್‌ಮನೆ ಮತ್ತು ಹಾಡಿ

ತೋಟದ ಒಡೆಯರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಲೈನ್‌ಮನೆಗಳಲ್ಲಿ ಅನೇಕವು ಬೇರೆ ಕೆಲಸಕ್ಕೆ ಬಾರದ ಜಾಗದಲ್ಲಿ, ಬರೆಯ ಬುಡದಲ್ಲೋ ತೋಡಿನ ಬದಿಯಲ್ಲೋ ಇವೆ. ಅಲ್ಲಿರುವವರಲ್ಲಿ ಹಲವರು ಅಸ್ಸಾಮಿನಿಂದಲೋ ಬೇರೆ ರಾಜ್ಯಗಳಿಂದಲೋ ಬಂದವರು. ಕನ್ನಡದ ಪ್ರಕಟಣೆ ಅವರಿಗೆ ತಲುಪುವುದಿಲ್ಲ, ಈ ಗುಡ್ಡ ಹೇಗೆ ವರ್ತಿಸುತ್ತದೆ ಎಂಬ ಅನುಭವವೂ ಅವರಿಗಿಲ್ಲ. ಅವರ ಗುಂಪಿನಲ್ಲಿ ಕನ್ನಡವೋ ಹಿಂದಿಯೋ ಬಲ್ಲವರೊಬ್ಬರನ್ನು ಕರೆದು, ಎಲ್ಲಿ ಅಪಾಯ, ಯಾವ ಸದ್ದು ಕೇಳಿದರೆ ಯಾವ ದಿಕ್ಕಿಗೆ ಓಡಬೇಕು, ರಾತ್ರಿ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಜಾಗದಲ್ಲೇ ನಿಂತು ತೋರಿಸಿ. ಕೆಂಪು ಎಚ್ಚರಿಕೆ ಇರುವ ರಾತ್ರಿ ಅವರನ್ನು ಕಾಫಿ ಗೋದಾಮಿಗೋ ನಿಮ್ಮ ಮನೆಯ ಜಗಲಿಗೋ ಕರೆತನ್ನಿ. ಯರವ, ಕುರುಬರ ಹಾಡಿಗಳಿಗೆ (ಬುಡಕಟ್ಟು ಜನರ ವಸತಿಗಳಿಗೆ) ಫೋನ್ ಸಿಗ್ನಲ್ ಇಲ್ಲದ ಕಡೆ ಒಬ್ಬರು ನಡೆದೇ ಹೋಗಿ ಸುದ್ದಿ ಮುಟ್ಟಿಸಬೇಕು; ಆ ಒಬ್ಬರು ಯಾರೆಂಬುದನ್ನು ಊರಿನವರು ಮೊದಲೇ ಗೊತ್ತುಮಾಡಿಕೊಳ್ಳಿ.

ಹೊರಡುವ ತೀರ್ಮಾನ

ಮನೆ ಬಿಡುವ ತೀರ್ಮಾನವನ್ನು ಕತ್ತಲಾಗುವ ಮೊದಲೇ ತೆಗೆದುಕೊಳ್ಳಬೇಕು. 2024ರ ಜುಲೈ 30ರಂದು ನಮ್ಮ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಇಳಿದದ್ದು ಊರು ಮಲಗಿದ್ದ ನಡುರಾತ್ರಿಯ ನಂತರದ ಹೊತ್ತಿನಲ್ಲಿ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿದ್ದೂ ರಾತ್ರಿಯಲ್ಲೇ. ಕತ್ತಲಲ್ಲಿ ಬಿರುಕು ಕಾಣುವುದಿಲ್ಲ, ಮಳೆಯ ಸದ್ದಿನಲ್ಲಿ ಬೇರೆ ಸದ್ದು ಕೇಳುವುದಿಲ್ಲ, ಮರ ಬಿದ್ದು ರಸ್ತೆ ಮುಚ್ಚಿರುತ್ತದೆ. ಸಿದ್ದಾಪುರ, ತಿತಿಮತಿ, ಮಾಲ್ದಾರೆಯ ಕಡೆಗಳಲ್ಲಂತೂ ತೋಟದ ದಾರಿಯಲ್ಲಿ ಆನೆಯ ಭಯ ಬೇರೆ. ಮಧ್ಯಾಹ್ನ ಮೂರು ಗಂಟೆಗೆ "ಇನ್ನೂ ಸ್ವಲ್ಪ ನೋಡೋಣ" ಎಂದವರಿಗೆ ರಾತ್ರಿ ಎಂಟಕ್ಕೆ ಹೊರಡುವ ಅವಕಾಶ ಇರುವುದಿಲ್ಲ.

ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ಅಧಿಕಾರಿಗಳ ಆದೇಶಕ್ಕೆ ಕಾಯದೆ ಮನೆ ಬಿಡಿ. ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ನೆಲದಲ್ಲೋ ಗೋಡೆಯಲ್ಲೋ ಹೊಸ ಬಿರುಕು. ವಿದ್ಯುತ್ ಕಂಬ ಮತ್ತು ಮರಗಳು ಒಂದೇ ದಿಕ್ಕಿಗೆ ವಾಲುವುದು. ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾಗುವುದು. ಮತ್ತು ಮಳೆ ಸುರಿಯುತ್ತಿದ್ದರೂ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಕೊನೆಯದನ್ನು ಜನ ಸಮಾಧಾನದ ಸಂಗತಿಯೆಂದು ತಪ್ಪು ತಿಳಿಯುತ್ತಾರೆ. ಮೇಲೆಲ್ಲೋ ಮಣ್ಣು ಬಿದ್ದು ನೀರನ್ನು ತಡೆದಿದೆ, ಆ ಕಟ್ಟೆ ಒಡೆದರೆ ಕಲ್ಲು ಮರ ಕೆಸರು ಒಟ್ಟಿಗೆ ಬರುತ್ತವೆ ಎಂಬುದು ಅದರ ಅರ್ಥ. ಗುಡುಗಿನಂತಹ ಸದ್ದು ಆಕಾಶದಿಂದಲ್ಲದೆ ಗುಡ್ಡದ ಕಡೆಯಿಂದ ಕೇಳಿದರೆ ಕೆಳಮುಖವಾಗಿ ಓಡದೆ, ಹರಿವಿನ ದಾರಿಗೆ ಅಡ್ಡಲಾಗಿ, ಪಕ್ಕದ ಏರಿನ ಕಡೆಗೆ ಓಡಿ. ಕೊಟ್ಟಿಗೆಯ ಹಸುಗಳ ಕಟ್ಟನ್ನು ಸಂಜೆಯೇ ಸಡಿಲಿಸಿಡಿ, ನಾಯಿಯ ಸರಪಳಿ ಬಿಚ್ಚಿಡಿ.

ಒಯ್ಯಬೇಕಾದ ಚೀಲ ಒಂದೇ ಇರಲಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಪಹಣಿ, ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ಕಾಗದ, ಕೋವಿ ಇದ್ದರೆ ಅದರ ಪರವಾನಗಿ ಅಥವಾ ವಿನಾಯಿತಿ ಪತ್ರ, ಇವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಎಲ್ಲದರ ಫೋಟೋ ತೆಗೆದು ಹೊರ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿ. ಕೋವಿಯನ್ನು ಖಾಲಿ ಮನೆಯಲ್ಲಿ ಬಿಡಬೇಡಿ, ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಿರಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಹದಿನೈದು ದಿನಗಳಿಗೆ ಆಗುವಷ್ಟು, ಟಾರ್ಚು, ಪವರ್ ಬ್ಯಾಂಕು, ಕುಡಿಯುವ ನೀರು, ಒಂದು ಜೊತೆ ಬೆಚ್ಚನೆಯ ಬಟ್ಟೆ. ಉಳಿದದ್ದನ್ನು ಬಿಟ್ಟುಬಿಡಿ. ಹೋಗಬೇಕಾದ ಕಾಳಜಿ ಕೇಂದ್ರ ಯಾವುದು, ಅಲ್ಲಿಗೆ ಮೋರಿ ದಾಟದೆ ಹೋಗುವ ದಾರಿ ಇದೆಯೇ ಎಂಬುದನ್ನು ಮೊದಲೇ ನೋಡಿಡಿ. ಗರ್ಭಿಣಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮತ್ತು ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಉಳಿದವರಿಗಿಂತ ಒಂದು ದಿನ ಮೊದಲೇ ಮಡಿಕೇರಿ, ವಿರಾಜಪೇಟೆ ಅಥವಾ ಕುಶಾಲನಗರದ ಆಸ್ಪತ್ರೆಯ ಸಮೀಪ ಯಾರ ಮನೆಯಲ್ಲಾದರೂ ಉಳಿದುಕೊಳ್ಳುವುದು ಒಳ್ಳೆಯದು.

ಕರಾವಳಿಯ ಬಂಧುಗಳಿಗೆ ಏನು ಹೇಳಬೇಕು

ಚಂಡಮಾರುತದ ಸುದ್ದಿ ಕೇಳಿ ಕಡಲ ಬದಿಯ ನೆಂಟರನ್ನು "ಇಲ್ಲಿಗೆ ಬಂದುಬಿಡಿ" ಎಂದು ಕರೆಯುವುದು ನಮ್ಮ ಮನಸ್ಸಿಗೆ ಸಹಜ. ಆದರೆ ಭಾರಿ ಮಳೆಯಲ್ಲಿ ಸಂಪಾಜೆ ಘಟ್ಟವನ್ನಾಗಲಿ, ಮಾಕುಟ್ಟದ ದಾರಿಯನ್ನಾಗಲಿ ಹತ್ತಿ ಬರುವುದು ಅವರ ಮನೆಯಲ್ಲಿರುವುದಕ್ಕಿಂತ ಹೆಚ್ಚು ಅಪಾಯದ್ದಾಗಬಹುದು. ಉಪ್ಪುನೀರು ಒಳನುಗ್ಗುವುದು ಮತ್ತು ಕಡಲ್ಕೊರೆತ ಹೆಚ್ಚಾಗಿ ದಡದ ಹತ್ತಿರದ ತಗ್ಗಿನ ಪಟ್ಟಿಯ ಸಂಗತಿ. ಅಲ್ಲಿಂದ ಕೆಲವು ಕಿಲೋಮೀಟರ್ ಒಳಗೆ ಎತ್ತರದ ಜಾಗದಲ್ಲಿರುವ ಕಾಂಕ್ರೀಟ್ ಮನೆಯೋ ಶಾಲೆಯೋ ಅವರಿಗೆ ನಮ್ಮ ಮನೆಗಿಂತ ಒಳ್ಳೆಯ ಆಸರೆ. ಬರಲೇಬೇಕೆಂದರೆ ಎಚ್ಚರಿಕೆಯ ಮೊದಲ ದಿನವೇ, ಮಳೆ ಬಲಿಯುವ ಮೊದಲು, ಹಗಲಿನಲ್ಲಿ ಬರಲಿ. ನಿಮ್ಮ ಮನೆಯೇ ಬರೆಯ ಬುಡದಲ್ಲಿದ್ದರೆ ಕರೆಯಲೇಬೇಡಿ. ಹೋಮ್‌ಸ್ಟೇ ನಡೆಸುವವರು ಕಿತ್ತಳೆ ಎಚ್ಚರಿಕೆ ಬಂದ ಕೂಡಲೇ ಬುಕಿಂಗ್ ರದ್ದುಮಾಡಿ ಹಣ ಹಿಂದಿರುಗಿಸಬೇಕು. ಮೇ ತಿಂಗಳ ರಜೆಯಲ್ಲಿ ಮಲ್ಪೆ, ಪಣಂಬೂರಿಗೆಂದು ಇಲ್ಲಿಂದ ಹೊರಟ ಮಕ್ಕಳಿದ್ದರೆ, ಕಡಲು ಶಾಂತವಾಗಿ ಕಂಡರೂ ನೀರಿಗಿಳಿಯಕೂಡದೆಂದು ಖಡಾಖಂಡಿತವಾಗಿ ಹೇಳಿ. ದೂರದ ಚಂಡಮಾರುತದ ಉಬ್ಬರದ ಅಲೆಗಳು ಗಾಳಿಗಿಂತ ಮೊದಲೇ ದಡ ಮುಟ್ಟುತ್ತವೆ.

ಕಣ ಮತ್ತು ಗದ್ದೆ

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಂಡಮಾರುತಗಳು ಬರುವುದು ಅರೇಬಿಕಾ ಕೊಯ್ಲು, ಭತ್ತದ ಕಟಾವು ಮತ್ತು ಸುಗ್ಗಿಯ ಹಬ್ಬವಾದ ಪುತ್ತರಿಯ ದಿನಗಳಲ್ಲಿ. ಮೂರು ದಿನಗಳ ಮಳೆ ಹೇಳಿದ್ದರೆ ಭತ್ತವನ್ನು ಕೊಯ್ದು ಗದ್ದೆಯಲ್ಲಿ ಹರಡಬೇಡಿ. ನಿಂತ ಪೈರು ಕೊಯ್ದ ಪೈರಿಗಿಂತ ಮಳೆಯನ್ನು ತಾಳುತ್ತದೆ. ಕೊಯ್ದಾಗಿದ್ದರೆ ತೆನೆ ಒಳಮುಖವಾಗಿ ಬರುವಂತೆ ಎತ್ತರದ ಜಾಗದಲ್ಲಿ ಮೆದೆ ಒಟ್ಟಿ ಹೊದಿಸಿ. ಕಣದಲ್ಲಿ ಒಣಗುತ್ತಿರುವ ಕಾಫಿ ಹಣ್ಣನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿ ಬಿಟ್ಟರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಮಾಡಿನಡಿ ತೆಳುವಾಗಿ ಹರಡಿ ದಿನಕ್ಕೆ ಹಲವು ಸಲ ಕೈಯಾಡಿಸಬೇಕು, ಜಾಗ ಸಾಲದಿದ್ದರೆ ಕೊಯ್ಲನ್ನೇ ನಿಲ್ಲಿಸಬೇಕು. ಉದುರಿದ ಹಣ್ಣಿನ ನಷ್ಟ ತಾಳಿಕೊಳ್ಳಬಹುದಾದದ್ದು. ಗಾಳಿಮಳೆಯಲ್ಲಿ ಮರದಡಿ ಕೆಲಸ ಮಾಡಿಸುವ ನಷ್ಟ ಹಾಗಲ್ಲ.

ಮಳೆ ನಿಂತ ಮೇಲೆ

ಮಳೆ ನಿಂತ ಮರುದಿನವೇ ಅಪಾಯ ಮುಗಿಯಿತೆಂದು ತಿಳಿಯಬೇಡಿ. ಗುಡ್ಡದೊಳಗಿನ ನೀರು ಇಳಿಯಲು ಸಮಯ ಬೇಕು, ಬಿಸಿಲಿನಲ್ಲೂ ಬರೆ ಕುಸಿದ ಉದಾಹರಣೆಗಳಿವೆ. ಗೂಟಗಳ ಅಂತರವನ್ನು ಇನ್ನೂ ಕೆಲವು ದಿನ ಅಳೆಯುತ್ತಿರಿ. ಮಣ್ಣು ಬಿದ್ದ ಜಾಗಕ್ಕೆ ಫೋಟೋ ತೆಗೆಯಲೆಂದು ಹೋಗಿ ಕೆಳಗೆ ನಿಲ್ಲಬೇಡಿ. ನೆರೆನೀರು ಸೇರಿದ ಬಾವಿಯ ನೀರನ್ನು ಪೂರ್ತಿ ಎತ್ತಿ ಬ್ಲೀಚಿಂಗ್ ಪೌಡರ್ ಹಾಕಿಸುವವರೆಗೆ ಕುದಿಸದೆ ಕುಡಿಯಬಾರದು; ಕ್ಲೋರಿನ್ ಮಾತ್ರೆ ಬೇಕಾದರೆ ಆಶಾ ಕಾರ್ಯಕರ್ತೆಯರನ್ನು ಕೇಳಿ. ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರವಿರಬಹುದು. ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ.

ಪರಿಹಾರದ ವಿಷಯದಲ್ಲಿ ಎರಡು ಫೋಟೋಗಳು ಬೇಕು: ಹಾನಿಗೆ ಮೊದಲಿನದು ಮತ್ತು ನಂತರದ್ದು. ಆದ್ದರಿಂದ ಎಚ್ಚರಿಕೆ ಬಂದ ದಿನವೇ ಮನೆಯ ನಾಲ್ಕೂ ಬದಿ, ಕೊಟ್ಟಿಗೆ, ತೋಟದ ಇಳಿಜಾರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹಾನಿಯಾದ ಮೇಲೆ ಮಣ್ಣು ತೆಗೆಸುವ ಮೊದಲು ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಮಹಜರು ಮಾಡಿಸಿ. ಜಾನುವಾರು ಸತ್ತರೆ ಹೂಳುವ ಮೊದಲು ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಇರಬೇಕು. ಬೆಳೆಹಾನಿಗೆ ವಿಪತ್ತು ಪರಿಹಾರ ನಿಧಿಯಿಂದ ಸಹಾಯ ಸಿಗುವುದು ನಷ್ಟ 33 ಶೇಕಡಕ್ಕೆ ಕಡಿಮೆಯಿಲ್ಲದಿದ್ದಾಗ. ಕರಿಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದವರು ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ನಿಮ್ಮ ಬಳ್ಳಿಯ ಹಾನಿಯನ್ನು ಯಾರೂ ಬಂದು ಎಣಿಸುವುದಿಲ್ಲ. ಮಳೆಮಾಪನ ಕೇಂದ್ರದ ಅಂಕಿಯೇ ಲೆಕ್ಕ. ಆ ಯಂತ್ರ ಕೆಟ್ಟು ನಿಂತಿದ್ದರೆ ನಷ್ಟ ನಿಮಗೇ ಆಗಬಹುದು. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂಬುದನ್ನು ಮುಂಗಾರಿಗೆ ಮೊದಲೇ ಹೋಗಿ ನೋಡಿ, ಕೆಟ್ಟಿದ್ದರೆ ಲಿಖಿತ ದೂರು ಕೊಟ್ಟು ಅದರ ಪ್ರತಿಯನ್ನು ವಿಮೆಯ ರಸೀದಿಯ ಜೊತೆಗೆ ಇಟ್ಟುಕೊಳ್ಳಿ.